ಕೆರೆಯ ಬಳಿ ನಾಲ್ಕೂ ಮುಕ್ಕಾಲು, ಬರೆಯ ಮೇಲೆ ನೂರ ತೊಂಬತ್ತು: ತೋಟದ ಪಂಪ್ ಲೈನಿನ ಒತ್ತಡದೋಷ ಪತ್ತೆ ಹಚ್ಚುವ ಬಗೆ

ರೊಬಸ್ಟಾ ಕಾಫಿಗೆ ಹೂ ಅರಳಿಸುವ ‘ಹೂಮಳೆ’ಯ ನೀರು ಕೊಡುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಕೊಡಗಿನ ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟ, ಗೋಣಿಕೊಪ್ಪದ ಸುತ್ತಲಿನ ತೋಟಗಳಿಂದ ಬರುವ ದೂರು ಹೆಚ್ಚು ಕಡಿಮೆ ಒಂದೇ ಬಗೆಯದು: ‘ಕೆರೆಯ ಹತ್ತಿರ ಗೇಜ್ ಚೆನ್ನಾಗಿಯೇ ತೋರಿಸುತ್ತಿದೆ, ಮೇಲೆ ಸ್ಪ್ರಿಂಕ್ಲರ್ ಸರಿಯಾಗಿ ತಿರುಗುತ್ತಿಲ್ಲ.’ ಮೇಲೆ ಎಂದರೆ ಬರೆಯ, ಅಂದರೆ ಗುಡ್ಡದ ಏರಿನ ಮೇಲೆ. ಕೂಡಲೇ ಪಂಪ್ ಬಿಚ್ಚುತ್ತಾರೆ. ಇಂಪೆಲ್ಲರ್ (ಒಳಗೆ ತಿರುಗುವ ಚಕ್ರ) ಬದಲಾಗುತ್ತದೆ, ಗ್ಲ್ಯಾಂಡ್ ಪ್ಯಾಕಿಂಗ್ (ತಿರುಗುವ ದಂಡದ ಸುತ್ತ ಸೋರಿಕೆ ತಡೆಯುವ ಹುರಿ) ಹೊಸದಾಗುತ್ತದೆ, ಅಷ್ಟರಲ್ಲಿ ನೀರು ನಿಂತು ದಿನಗಳೇ ಕಳೆದಿರುತ್ತವೆ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಅದಕ್ಕೆ ಬೇರೆ ಗಿಡದ ಪರಾಗ ಬೇಕು. ಹಾಗಾಗಿ ತೋಟ ಒಟ್ಟಿಗೆ ಅರಳಬೇಕು. ಒಂದು ಬ್ಲಾಕಿಗೆ ಇಂದು, ಪಕ್ಕದ ಬ್ಲಾಕಿಗೆ ಮುಂದಿನ ವಾರ ಎಂದು ನೀರು ಹರಿದುಹಂಚಿ ಹೋದರೆ ನಷ್ಟ ಗಿಡದ ಮೇಲೆಯೇ ಕಾಣುತ್ತದೆ. ಪಂಪ್ ಬಿಚ್ಚುವುದಕ್ಕೆ ಅವಸರ ಬೇಡ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಸ್ಪ್ಯಾನರ್ ಎತ್ತುವ ಮೊದಲು ಲೈನಿನಲ್ಲಿರುವ ಅಷ್ಟೂ ಅಂಕಿಗಳನ್ನು ಒಂದೇ ಏಕಮಾನಕ್ಕೆ ತನ್ನಿ. ದೋಷ ಪಂಪಿನಲ್ಲಿದೆಯೋ, ಪೈಪಿನಲ್ಲಿದೆಯೋ, ಗೇಜಿನಲ್ಲಿದೆಯೋ ಅಥವಾ ನಾವು ಓದಿದ ರೀತಿಯಲ್ಲಿದೆಯೋ ಎಂಬುದು ಅಲ್ಲೇ ಅರ್ಧ ತಿಳಿಯುತ್ತದೆ.

ಒಂದೇ ಲೈನಿನಲ್ಲಿ ಎಷ್ಟು ಏಕಮಾನಗಳು ಕೂಡಿಕೊಂಡಿರುತ್ತವೆ ನೋಡಿ. ಪಂಪಿನ ತಗಡಿನ ಮೇಲೆ ‘ಹೆಡ್’, ಅಂದರೆ ಪಂಪ್ ನೀರೆತ್ತಬಲ್ಲ ಎತ್ತರ, ಮೀಟರಿನಲ್ಲಿ ಕೊರೆದಿರುತ್ತದೆ. ಹಳೆಯ ಗೇಜ್ ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಎನ್ನುತ್ತದೆ. ಮಾತಿನಲ್ಲಿ ಅದು ಬರೀ ‘ನಾಲ್ಕು ಕೆಜಿ ಪ್ರೆಷರ್’. ಹೊಸದಾಗಿ ಹಾಕಿಸಿದ ಗೇಜಿನಲ್ಲಿ ಬಾರ್ ಅಥವಾ ಕಿಲೋಪಾಸ್ಕಲ್ ಇರುತ್ತದೆ. ಪಿವಿಸಿ ಪೈಪಿನ ಮೈಮೇಲೆ ಮೆಗಾಪಾಸ್ಕಲ್, ಸಕ್ಷನ್ ಕಡೆಯ, ಅಂದರೆ ಪಂಪ್ ನೀರು ಹೀರುವ ಕಡೆಯ ಗೇಜಿನಲ್ಲಿ ಮಿಲಿಮೀಟರ್ ಪಾದರಸ. ರಿಪೇರಿಗೆ ಬಂದವರು ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಲೆಕ್ಕದಲ್ಲಿ ಮಾತನಾಡುತ್ತಾರೆ. ಮಳೆಯನ್ನು ಇಂದಿಗೂ ಇಂಚು, ಸೆಂಟ್ಸ್ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುವ ಜಿಲ್ಲೆಯಲ್ಲಿ ಇದು ಅಚ್ಚರಿಯಲ್ಲ. ಆದರೆ ಮಳೆಯ ಲೆಕ್ಕ ಒಂದೇ ಪುಸ್ತಕದಲ್ಲಿ ಒಂದೇ ಮಾನದಲ್ಲಿ ಇರುತ್ತದೆ, ಪಂಪಿನ ಲೆಕ್ಕ ಹಾಗಿರುವುದಿಲ್ಲ.

ಬೇಕಾಗುವ ಸಂಬಂಧಗಳು ಕೆಲವೇ. ಒಂದು ಚದರ ಮೀಟರಿನ ಮೇಲೆ ಒಂದು ನ್ಯೂಟನ್ ಬಲ ಬಿದ್ದರೆ ಅದು ಒಂದು ಪಾಸ್ಕಲ್. 1971ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಈ ಹೆಸರನ್ನು ಒಪ್ಪಿಕೊಂಡಿತು. ಪಾಸ್ಕಲ್ ಬಹಳ ಚಿಕ್ಕದು. ತೋಟದ ಕೆಲಸಕ್ಕೆ ಅದರ ಸಾವಿರಪಟ್ಟಾದ ಕಿಲೋಪಾಸ್ಕಲ್ ಹಿತ. 100 ಕಿಲೋಪಾಸ್ಕಲ್ ಅಂದರೆ ಒಂದು ಬಾರ್. 1,000 ಕಿಲೋಪಾಸ್ಕಲ್ ಅಂದರೆ ಒಂದು ಮೆಗಾಪಾಸ್ಕಲ್, ಅಂದರೆ 10 ಬಾರ್. ಚದರ ಸೆಂಟಿಮೀಟರಿಗೆ ಒಂದು ಕೆಜಿ ಅಂದರೆ 98.0665 ಕಿಲೋಪಾಸ್ಕಲ್. ಹತ್ತು ಮೀಟರ್ ಎತ್ತರದ ನೀರಿನ ಕಂಬ ತಳದಲ್ಲಿ ಕೊಡುವ ಒತ್ತಡವೂ ಅಷ್ಟೇ, ಆದ್ದರಿಂದ ಒಂದು ಮೀಟರ್ ನೀರು 9.8 ಕಿಲೋಪಾಸ್ಕಲ್. ಒಂದು ಕಿಲೋಪಾಸ್ಕಲ್ ಏಳೂವರೆ ಮಿಲಿಮೀಟರ್ ಪಾದರಸಕ್ಕೆ ಸಮ. ಪಿಎಸ್‌ಐ ಮೆಟ್ರಿಕ್ ಅಲ್ಲದಿದ್ದರೂ ತಪ್ಪಿಸಿಕೊಳ್ಳುವಂತಿಲ್ಲ. ಒಂದು ಬಾರ್ 14.5 ಪಿಎಸ್‌ಐ. ನನ್ನ ಸಲಹೆ, ಎಲ್ಲವನ್ನೂ ಕಿಲೋಪಾಸ್ಕಲಿಗೆ ತನ್ನಿ. ದಶಾಂಶದ ಚುಕ್ಕಿ ಕಡಿಮೆಯಾಗುತ್ತದೆ, ಕೂಡಿ ಕಳೆಯುವುದು ಸುಲಭವಾಗುತ್ತದೆ.

ಅನುಪಾತವೋ, ವ್ಯತ್ಯಾಸವೋ?

ಎರಡು ಗೇಜ್ ಒಂದೇ ಜಾಗದಲ್ಲಿ ಬೇರೆ ಬೇರೆ ಅಂಕಿ ತೋರಿಸಿದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಪಂಪ್ ನಿಂತಿರುವಾಗ ಒಮ್ಮೆ, ಓಡುತ್ತಿರುವಾಗ ಒಮ್ಮೆ ಎರಡನ್ನೂ ಓದಿ. ನಿಂತಾಗ, ಲೈನ್ ಖಾಲಿ ಇರುವಾಗ, ಎರಡೂ ಸೊನ್ನೆಗೆ ಬಂದು, ಓಡುವಾಗ ಮಾತ್ರ ಒಂದು ಇನ್ನೊಂದರ ಇಷ್ಟು ಪಟ್ಟು ಎಂದಾದರೆ ಅದು ಏಕಮಾನದ ಅಥವಾ ಅಳತೆಪಟ್ಟಿಯ ವಿಷಯ. ನಿಂತಾಗಲೂ ಓಡುವಾಗಲೂ ಒಂದೇ ಮೊತ್ತದಷ್ಟು ಅಂತರ ಉಳಿದರೆ ಅದು ಸೊನ್ನೆಯ ವಿಷಯ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಅನುಪಾತಗಳಿಗೆ ಅವುಗಳದ್ದೇ ಗುರುತಿದೆ. ಸುಮಾರು ಹತ್ತು ಪಟ್ಟು ಬಂದರೆ ಒಂದು ಮೆಗಾಪಾಸ್ಕಲ್, ಇನ್ನೊಂದು ಬಾರ್ ಅಥವಾ ಕೆಜಿ. ನೂರರ ಹತ್ತಿರ ಬಂದರೆ ಕಿಲೋಪಾಸ್ಕಲ್ ಸೇರಿಕೊಂಡಿದೆ. ಹದಿನಾಲ್ಕರ ಆಸುಪಾಸು ಬಂದರೆ ಪಿಎಸ್‌ಐ. ಗೇಜಿನಲ್ಲಿ ಎರಡು ವೃತ್ತಗಳಿದ್ದು ಒಳಗಿನದನ್ನು ಒಬ್ಬರು, ಹೊರಗಿನದನ್ನು ಇನ್ನೊಬ್ಬರು ಓದಿರುತ್ತಾರೆ. ಅನುಪಾತ ಒಂದಕ್ಕಿಂತ ಬರೀ ಎರಡು ಶೇಕಡ ಹೆಚ್ಚೋ ಕಡಿಮೆಯೋ ಬಂದರೆ ಅದು ಬಾರ್ ಮತ್ತು ಕೆಜಿಯ ಅಂತರ, ಅದನ್ನು ಹಿಂಬಾಲಿಸಬೇಡಿ. 4 ಬಾರ್ ಅಂದರೆ 4.08 ಕೆಜಿ. ಹತ್ತು ಬಾರ್ ಪಟ್ಟಿಯ, 1.6 ದರ್ಜೆಯ ಗೇಜ್ ತಾನೇ 0.16 ಬಾರಿನಷ್ಟು ಹಿಂದೆ ಮುಂದೆ ಹೋಗಬಹುದು. ಗೇಜಿನ ಸ್ವಂತ ತಪ್ಪಿಗಿಂತ ಚಿಕ್ಕದಾದ ಅಂತರದಲ್ಲಿ ಸೋರಿಕೆ ಹುಡುಕಲು ಹೊರಟರೆ ಸಿಗುವುದೇನೂ ಇಲ್ಲ.

ಇನ್ನೊಂದು ಅನುಪಾತ ಏಕಮಾನದ ಯಾವ ಪಟ್ಟಿಯಲ್ಲೂ ಸಿಗದು: 1.6. ಡಿಜಿಟಲ್ ಡಿಸ್‌ಪ್ಲೇ ಇರುವ ಕಡೆ ಇದು ಕಾಣಿಸಿಕೊಂಡರೆ, ಸೆನ್ಸರ್ 0–10 ಬಾರಿನದ್ದು, ಕಂಟ್ರೋಲರಿನಲ್ಲಿ ಮಾತ್ರ 0–16 ಎಂದು ನಮೂದಾಗಿದೆ ಎಂದು ಅರ್ಥ. ಸೊನ್ನೆ ಸರಿಯಾಗಿಯೇ ಇರುತ್ತದೆ, ಮೇಲಿನ ಅಂಕಿಗಳು ಮಾತ್ರ ಉಬ್ಬುತ್ತವೆ. ಸೆನ್ಸರಿನ ಮೈಮೇಲೆ ಬರೆದ ವ್ಯಾಪ್ತಿಯನ್ನು ಓದಿ, ಸೆಟ್ಟಿಂಗ್ ತಿದ್ದಿದರೆ ಮುಗಿಯಿತು.

ಮಡಿಕೇರಿಯ ಸೊನ್ನೆ ಮಂಗಳೂರಿನ ಸೊನ್ನೆಯಲ್ಲ

ಇದು ಬೆಟ್ಟದ ಜಿಲ್ಲೆಯಾದ್ದರಿಂದ ಈ ಭಾಗದಲ್ಲಿ ಸ್ವಲ್ಪ ನಿಲ್ಲಬೇಕು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 1,013 ಹೆಕ್ಟೋಪಾಸ್ಕಲ್, ಅಂದರೆ 101.3 ಕಿಲೋಪಾಸ್ಕಲ್, ಅಂದರೆ 760 ಮಿಲಿಮೀಟರ್ ಪಾದರಸ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 880 ಹೆಕ್ಟೋಪಾಸ್ಕಲ್, ಅಂದರೆ 660 ಮಿಲಿಮೀಟರ್ ಪಾದರಸ. 1,748 ಮೀಟರ್ ಎತ್ತರದ ತಡಿಯಂಡಮೋಳ್ ತುದಿಯಲ್ಲಿ ಅದು 820 ಹೆಕ್ಟೋಪಾಸ್ಕಲಿನ ಹತ್ತಿರಕ್ಕೆ ಇಳಿಯುತ್ತದೆ.

ಇದರಿಂದ ಹುಟ್ಟುವ, ದೋಷವೇ ಅಲ್ಲದ ದೋಷಗಳು ಹಲವು. ಮೊಬೈಲಿನ ಒತ್ತಡ ಸೆನ್ಸರ್ 880 ಎನ್ನುತ್ತದೆ, ಹವಾಮಾನದ ಆ್ಯಪ್ ಅದೇ ಹೊತ್ತಿಗೆ 1,012 ಎನ್ನುತ್ತದೆ. ಎರಡೂ ಸರಿ. ಆ್ಯಪ್ ತೋರಿಸುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ, ಸೆನ್ಸರ್ ಹೇಳುವುದು ನೀವು ನಿಂತ ಜಾಗದ್ದು. ನಿರಪೇಕ್ಷ ಒತ್ತಡ, ಅಂದರೆ ಗಾಳಿಯ ಒತ್ತಡವನ್ನೂ ಸೇರಿಸಿ ಅಳೆಯುವ ಸೆನ್ಸರನ್ನು ಲೈನಿಗೆ ಹಾಕಿದ್ದರೆ ಪಂಪ್ ನಿಂತಾಗಲೂ 0.88 ಬಾರ್ ಕಾಣುತ್ತದೆ. ಓದಿದ ಪ್ರತಿ ಅಂಕಿಯಿಂದ 0.88 ಕಳೆಯಬೇಕು, ಪುಸ್ತಕದಲ್ಲಿರುವ 1.013 ಅಲ್ಲ. ಗ್ಲಿಸರಿನ್ ತುಂಬಿದ ಗೇಜಿನ ಕತೆ ಇದಕ್ಕೆ ತಿರುಗುಮುರುಗು. ಬಯಲಿನಲ್ಲಿ ಮುಚ್ಚಿ ಕಳಿಸಿದ ಅದರ ಪೆಟ್ಟಿಗೆಯೊಳಗೆ ಸಮುದ್ರಮಟ್ಟದ ಗಾಳಿಯೇ ಉಳಿದಿರುವುದರಿಂದ ಇಲ್ಲಿ ಅದು ಸುಮಾರು 0.13 ಬಾರ್ ಕಡಿಮೆ ತೋರಿಸುತ್ತದೆ. ಗೇಜಿನ ತಲೆಯ ಮೇಲಿರುವ ಚಿಕ್ಕ ರಬ್ಬರ್ ಬಿರಡೆಯನ್ನು ಒಮ್ಮೆ ತೆರೆದರೆ ಒಳಗೂ ಹೊರಗೂ ಸಮವಾಗಿ ಮುಳ್ಳು ಸೊನ್ನೆಗೆ ಬರುತ್ತದೆ. ಹತ್ತು ಬಾರಿನ ಗೇಜಿನಲ್ಲಿ ಇದು ಲೆಕ್ಕಕ್ಕೆ ಬಾರದು, ಒಂದು ಬಾರಿನ ಗೇಜಿನಲ್ಲಿ ದೊಡ್ಡ ತಪ್ಪಾಗುತ್ತದೆ.

ಸಕ್ಷನ್ ಗೇಜಿನ ವಿಚಾರದಲ್ಲಿ ಹಲವರು ಹೊಸ ಪಂಪನ್ನೇ ಅನುಮಾನಿಸುತ್ತಾರೆ. ನಿರ್ವಾತ ಗೇಜಿನ ಪಟ್ಟಿ 760ರವರೆಗೆ ಇರುತ್ತದೆ, ಮುಳ್ಳು ಮಾತ್ರ ಎಷ್ಟು ಮಾಡಿದರೂ 660 ದಾಟುವುದಿಲ್ಲ. ಮಡಿಕೇರಿಯಲ್ಲಿ ದಾಟಲು ಸಾಧ್ಯವೂ ಇಲ್ಲ, ಏಕೆಂದರೆ ಹೀರಿ ತೆಗೆಯಲು ಅಷ್ಟು ಗಾಳಿಯೇ ಅಲ್ಲಿಲ್ಲ. ಸುಮಾರು 830 ಮೀಟರ್ ಎತ್ತರದ ಕುಶಾಲನಗರದಲ್ಲಿ ಆ ಮಿತಿ 690ರ ಹತ್ತಿರ ಬರುತ್ತದೆ. ಒಂದೇ ಗೇಜನ್ನು ಘಟ್ಟದ ಮೇಲೂ ಕೆಳಗೂ ಒಯ್ದು ನೋಡಿದವರಿಗೆ ಇದು ತಾನಾಗಿ ತಿಳಿಯುತ್ತದೆ.

ಹೀರುವ ಕಡೆಯ ತೊಂದರೆ

ಗಾಳಿಯ ಒತ್ತಡ ಕಡಿಮೆಯಾದಷ್ಟೂ ಪಂಪ್ ಹೀರಬಲ್ಲ ಎತ್ತರವೂ ತಗ್ಗುತ್ತದೆ. ಸಮುದ್ರಮಟ್ಟದ 101 ಕಿಲೋಪಾಸ್ಕಲ್ ಅಂದರೆ 10.3 ಮೀಟರ್ ನೀರು. ಮಡಿಕೇರಿಯ 88 ಕಿಲೋಪಾಸ್ಕಲ್ ಅಂದರೆ ಬರೀ 9 ಮೀಟರ್. ಇದರಲ್ಲಿ ನೀರಿನ ಆವಿಯ ಒತ್ತಡಕ್ಕೆ ಕಾಲು ಮೀಟರ್, ಪೈಪ್ ಮತ್ತು ಫುಟ್ ವಾಲ್ವಿನ (ನೀರಿನಲ್ಲಿ ಮುಳುಗಿರುವ ಪೈಪಿನ ತುದಿಯ ವಾಲ್ವ್) ಘರ್ಷಣೆಗೆ ಅರ್ಧ ಮೀಟರ್, ಪಂಪಿನ ಬಾಯಲ್ಲಿ ಉಳಿಯಲೇಬೇಕಾದ ಒತ್ತಡಕ್ಕೆ 3 ಮೀಟರ್ ಎಂದು ತೆಗೆದಿಟ್ಟರೆ ಕೈಗೆ ಸಿಗುವುದು ಐದೂಕಾಲು ಮೀಟರ್. ಅದೇ ಪಂಪ್ ಕರಾವಳಿಯಲ್ಲಿ ಆರೂವರೆ ಮೀಟರ್ ಎತ್ತುತ್ತದೆ. ಆ ಮೂರು ಮೀಟರ್ ಎಂಬುದು ಪಂಪಿನಿಂದ ಪಂಪಿಗೆ ಬದಲಾಗುತ್ತದೆ. ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಮಾರ್ಚ್ ಕೊನೆಗೆ ಕೆರೆಯ ನೀರು ಇಳಿದಂತೆ ಪಂಪಿನೊಳಗೆ ಜಲ್ಲಿ ಉರುಳಿದಂಥ ಸದ್ದು ಶುರುವಾದರೆ ಬೇರಿಂಗ್ ತೆಗೆಯುವ ಮೊದಲು ಪಂಪಿನಿಂದ ನೀರಿನ ಮಟ್ಟದವರೆಗೆ ಟೇಪು ಹಿಡಿಯಿರಿ.

ಸಕ್ಷನ್ ಗೇಜ್ ಇದ್ದರೆ ಕೆಲಸ ಇನ್ನೂ ಸುಲಭ. ಒಂದು ಮೀಟರ್ ನೀರು 73.6 ಮಿಲಿಮೀಟರ್ ಪಾದರಸಕ್ಕೆ ಸಮ. ನೀರು 4 ಮೀಟರ್ ಕೆಳಗಿದ್ದರೆ ಓಡುವಾಗ ಮುಳ್ಳು 295ಕ್ಕಿಂತ ಸ್ವಲ್ಪ ಮೇಲೆ ನಿಲ್ಲಬೇಕು. ಅದು 500ಕ್ಕೆ ಏರಿದರೆ ಪಂಪ್ ಏಳು ಮೀಟರಿನ ಹತ್ತಿರದ ಹೊರೆ ಹೊತ್ತಿದೆ ಎಂದು ಅರ್ಥ. ಹೆಚ್ಚಿನ ಮೂರು ಮೀಟರ್ ಬಂದದ್ದು ಕಟ್ಟಿದ ಜಾಲರಿಯಿಂದ. ಸಿಲ್ವರ್ ಓಕ್ ಎಲೆ ಉದುರುವ ಕಾಲದಲ್ಲಿ ಫುಟ್ ವಾಲ್ವಿನ ಜಾಲರಿಗೆ ಎಲೆ ಅಂಟಿಕೊಂಡಿರುತ್ತದೆ. ಮುಳ್ಳು 150ರಲ್ಲಿ ತೂಗಾಡುತ್ತಿದ್ದರೆ ದೋಷ ಬೇರೆ: ಸಕ್ಷನ್ ಪೈಪಿನ ಜೋಡಣೆಯಲ್ಲೋ ಗ್ಲ್ಯಾಂಡಿನಲ್ಲೋ ಗಾಳಿ ಎಳೆಯುತ್ತಿದೆ. ಒಂದರಲ್ಲಿ ಕೆರೆಗೆ ಇಳಿಯಬೇಕು, ಇನ್ನೊಂದರಲ್ಲಿ ದಡದಲ್ಲೇ ಕೆಲಸ. ಯಾವುದು ಎಂದು ಹೇಳುವುದು ಒಂದು ಗುಣಾಕಾರ.

ಬರೆಯ ಮೇಲೆ ಒತ್ತಡ ಎಲ್ಲಿ ಹೋಯಿತು?

ಈಗ ಮೊದಲಿನ ದೂರಿಗೆ ಬರೋಣ. ಕೆಳಗೆ 4.8 ಕೆಜಿ, ಮೇಲಿನ ಸ್ಪ್ರಿಂಕ್ಲರ್ ಬಳಿಯ ಹೊಸ ಗೇಜಿನಲ್ಲಿ 190 ಕಿಲೋಪಾಸ್ಕಲ್ ಎಂದಿಟ್ಟುಕೊಳ್ಳಿ. ಕೆಳಗಿನದ್ದನ್ನು ಕಿಲೋಪಾಸ್ಕಲಿಗೆ ತಂದರೆ 471. ಹಾಗಾದರೆ 281 ಕಿಲೋಪಾಸ್ಕಲ್ ದಾರಿಯಲ್ಲಿ ಕಳೆದಿದೆ. ಕೇಳಿದರೆ ಗಾಬರಿಯಾಗುವಷ್ಟು ದೊಡ್ಡ ಅಂಕಿ. ಆದರೆ ಎರಡು ಗೇಜುಗಳ ನಡುವೆ 22 ಮೀಟರ್ ಏರು ಇದ್ದರೆ 216 ಕಿಲೋಪಾಸ್ಕಲ್ ಆ ಏರಿಗೇ ಹೋಯಿತು. ಪೈಪಿನ ಘರ್ಷಣೆಗೆ ಉಳಿದದ್ದು 65, ಅಂದರೆ ಆರೂವರೆ ಮೀಟರ್ ನೀರು. ಉದ್ದದ ಲೈನಿಗೆ ಇದು ದೋಷವಲ್ಲ.

ಏರು ಎಷ್ಟೆಂದು ಊಹಿಸಬೇಕಾಗಿಲ್ಲ. ಲೈನ್ ತುಂಬಿರುವಾಗ ಪಂಪ್ ನಿಲ್ಲಿಸಿ, ಸ್ಪ್ರಿಂಕ್ಲರ್‌ಗಳ ಕಾಕ್‌ಗಳನ್ನೂ ಪಂಪಿನ ಬಳಿಯ ವಾಲ್ವನ್ನೂ ಮುಚ್ಚಿ. ಕೆಳಗಿನ ಗೇಜ್ ಆ ವಾಲ್ವಿನಿಂದ ಮೇಲೆ, ಲೈನಿನ ಕಡೆಗೆ ಇರಬೇಕು. ನೀರು ನಿಂತಾಗ ಘರ್ಷಣೆ ಇಲ್ಲ. ಎರಡು ಗೇಜುಗಳ ವ್ಯತ್ಯಾಸವನ್ನು 9.8ರಿಂದ ಭಾಗಿಸಿದರೆ ಬರುವುದು ಎತ್ತರ. ನನಗೆ ಈ ಪರೀಕ್ಷೆ ಬೇರೆಲ್ಲದಕ್ಕಿಂತ ಹೆಚ್ಚು ಇಷ್ಟ, ಏಕೆಂದರೆ ಇದಕ್ಕೆ ಖರ್ಚಿಲ್ಲ, ಏನನ್ನೂ ಬಿಚ್ಚಬೇಕಾಗಿಲ್ಲ, ಗೇಜು ಮತ್ತು ಏಕಮಾನ ಎರಡನ್ನೂ ಒಟ್ಟಿಗೆ ಒರೆಗೆ ಹಚ್ಚುತ್ತದೆ. ವ್ಯತ್ಯಾಸ 22 ಮೀಟರಿನ ಬದಲು ಎರಡು ಮೀಟರ್ ಎಂದು ಬಂದರೆ ಯಾರೋ ಮೆಗಾಪಾಸ್ಕಲನ್ನು ಬಾರ್ ಎಂದು ಓದಿದ್ದಾರೆ. 22 ಎಂದೇ ಬಂದರೆ ಎರಡೂ ಗೇಜು ನಂಬಿಕೆಗೆ ಅರ್ಹ. ಎರಡೂ ಮುಳ್ಳು ನಿಮಿಷ ನಿಮಿಷಕ್ಕೂ ಜೊತೆಯಾಗಿ ಇಳಿಯುತ್ತಿದ್ದರೆ ಲೈನಿನಲ್ಲಿ ಸೋರಿಕೆ ಇದೆ ಅಥವಾ ವಾಲ್ವ್ ಹಿಡಿಯುತ್ತಿಲ್ಲ.

ಆಮೇಲೆ ಪಂಪ್ ಓಡಿಸಿ ಅದೇ ಲೆಕ್ಕ ಮತ್ತೆ ಮಾಡಿ. ಕೆಳಗೆ 5.4 ಕೆಜಿಗೆ ಏರಿ ಮೇಲೆ 120ಕ್ಕೆ ಇಳಿದಿದ್ದರೆ 530ರಲ್ಲಿ 216, 120 ಕಳೆದು 194 ಕಿಲೋಪಾಸ್ಕಲ್ ಘರ್ಷಣೆಗೆ ಹೋಗಿದೆ. ಪಂಪ್ ಗಟ್ಟಿಯಾಗಿದೆ, ಲೈನ್ ಕಟ್ಟಿದೆ. ಅರ್ಧ ತೆರೆದ ವಾಲ್ವ್, ಫಿಲ್ಟರ್, ಚಪ್ಪಟೆಯಾದ ಪೈಪ್ ಇವನ್ನು ನೋಡಿ. ಕೆಳಗೂ ಮೇಲೂ ಒತ್ತಡ ತಗ್ಗಿದ್ದರೆ ನೀರು ಹೆಚ್ಚಾಗಿ ಹೊರಹೋಗುತ್ತಿದೆ: ಸೋರಿಕೆ, ಸವೆದು ಅಗಲವಾದ ನಾಜಲ್, ಅಥವಾ ಕಳೆದ ಸಲಕ್ಕಿಂತ ಹೆಚ್ಚು ಸ್ಪ್ರಿಂಕ್ಲರ್. ಕೊನೆಯದನ್ನು ಎಣಿಸಿಯೇ ತೀರಬೇಕು. ಘರ್ಷಣೆ ಸುಮಾರಾಗಿ ಹರಿವಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹತ್ತರ ಜಾಗದಲ್ಲಿ ಹನ್ನೆರಡು ಸ್ಪ್ರಿಂಕ್ಲರ್ ಬಿಟ್ಟು ಹರಿವು ಐದನೇ ಒಂದರಷ್ಟು ಹೆಚ್ಚಿದರೆ ಘರ್ಷಣೆ ಒಂದೂವರೆ ಪಟ್ಟಿನ ಹತ್ತಿರ ಹೋಗುತ್ತದೆ.

ನಾಜಲ್ಲಿನಿಂದ ಬರುವ ನೀರು ಮಾತ್ರ ಒತ್ತಡದ ವರ್ಗಮೂಲವನ್ನು ಹಿಂಬಾಲಿಸುತ್ತದೆ. 250 ಕಿಲೋಪಾಸ್ಕಲ್ ಇರಬೇಕಾದ ಕಡೆ 125 ಇದ್ದರೆ ನೀರು ಅರ್ಧವಾಗುವುದಿಲ್ಲ, ಶೇಕಡ 71 ಉಳಿಯುತ್ತದೆ. ದುರಸ್ತಿಗೆ ಹೊತ್ತಿಲ್ಲದ ದಿನ ಮೂರು ಗಂಟೆ ಬಿಡುವ ಜಾಗದಲ್ಲಿ ನಾಲ್ಕೂಕಾಲು ಗಂಟೆ ಬಿಟ್ಟು ಹೂಮಳೆಯ ಪ್ರಮಾಣ ಉಳಿಸಿಕೊಳ್ಳಬಹುದು. ತುಂತುರು ದಪ್ಪವಾಗಿ, ಹತ್ತಿರದಲ್ಲೇ ಬೀಳುವುದರಿಂದ ಸ್ಪ್ರಿಂಕ್ಲರ್‌ಗಳನ್ನು ಇನ್ನಷ್ಟು ಒತ್ತೊತ್ತಾಗಿ ಇಡಬೇಕು.

ಪೈಪ್ ಕೆಳಗೇ ಏಕೆ ಒಡೆಯುತ್ತದೆ

ಸ್ಪ್ರಿಂಕ್ಲರ್ ಜಾಗ ಬದಲಿಸುವ ಹೊತ್ತಿನಲ್ಲಿ, ಅದೂ ಕೆರೆಯ ಹತ್ತಿರದ ಪೈಪೇ ಒಡೆಯುತ್ತಿದ್ದರೆ ಪೈಪಿನ ಗುಣಮಟ್ಟವನ್ನು ದೂರುವ ಮೊದಲು ಅದರ ಮೇಲಿನ ಬರಹ ಓದಿ. 0.6 ಮೆಗಾಪಾಸ್ಕಲ್ ಅಂದರೆ 600 ಕಿಲೋಪಾಸ್ಕಲ್, 6.1 ಕೆಜಿ. 0.4 ಅಂದರೆ 4.1 ಕೆಜಿ. ಪಂಪಿನ ತಗಡಿನಲ್ಲಿ ಇರುವುದು ನೀರು ಹರಿಯುವಾಗಿನ ಹೆಡ್. ಹರಿವು ಪೂರ್ತಿ ನಿಂತಾಗ ಸೆಂಟ್ರಿಫ್ಯೂಗಲ್ ಪಂಪಿನ ಒತ್ತಡ ಇನ್ನೂ ಏರುತ್ತದೆ. ಹರಿವಿಲ್ಲದಾಗಿನ ಹೆಡ್ 70 ಮೀಟರ್, ನೀರು 3 ಮೀಟರ್ ಕೆಳಗೆ ಎಂದಾದರೆ ಎಲ್ಲ ಕಾಕ್ ಮುಚ್ಚಿದ ಕ್ಷಣ ಪಂಪಿನ ಹೊರಹರಿವಿನ ಬಾಯಲ್ಲಿ 67 ಮೀಟರ್, ಅಂದರೆ 657 ಕಿಲೋಪಾಸ್ಕಲ್. 0.6ರ ಪೈಪು ಅದನ್ನು ತಾಳುವಂತಿಲ್ಲ. ಕಾಕನ್ನು ಫಟ್ಟನೆ ಮುಚ್ಚಿದರೆ ನೀರಿನ ಹೊಡೆತವೂ ಸೇರುತ್ತದೆ. ಬಿಸಿಲಿಗೆ ಕಾದ ಪಿವಿಸಿಯ ತಾಳಿಕೆ ಇನ್ನೂ ಕಡಿಮೆ. ಬರೆಯ ಮೇಲಿನ ಪೈಪಿಗೆ ಈ ಹೊರೆ ಇಲ್ಲ, ಏಕೆಂದರೆ ಪ್ರತಿ ಹತ್ತು ಮೀಟರ್ ಏರಿಗೆ ಒಂದು ಕೆಜಿ ಇಳಿದಿರುತ್ತದೆ. ಆದ್ದರಿಂದ ಕೆಳಗಿನ ತುಂಡಿಗಷ್ಟೇ ಹೆಚ್ಚಿನ ದರ್ಜೆಯ ಪೈಪ್ ಹಾಕಿದರೂ ಸಾಕಾಗುತ್ತದೆ. ಕಾಕ್‌ಗಳನ್ನು ಒಂದೊಂದಾಗಿ, ನಿಧಾನವಾಗಿ ಮುಚ್ಚಲು ಕೆಲಸದವರಿಗೆ ಹೇಳಿಕೊಡಿ.

ಪಂಪ್ ಬಿಚ್ಚಲೇಬೇಕಾದದ್ದು ಯಾವಾಗ

ಹೀರುವ ಕಡೆ ಸರಿಯಿದ್ದು, ಲೈನ್ ಸರಿಯಿದ್ದು, ಗೇಜೂ ಸರಿಯಿದ್ದರೆ ಕೊನೆಯದಾಗಿ ಪಂಪನ್ನು ಅದರದ್ದೇ ಕಾಗದದೊಂದಿಗೆ ಹೋಲಿಸಬೇಕು. ಪೈಪು ತಾಳುತ್ತದೆ ಎಂದು ಮೇಲಿನ ಲೆಕ್ಕದಿಂದ ಖಚಿತಪಡಿಸಿಕೊಂಡ ಬಳಿಕವೇ ಇದನ್ನು ಮಾಡಿ. ಈ ಪರೀಕ್ಷೆಗೆ ಕೆಳಗಿನ ಗೇಜ್ ಪಂಪಿಗೂ ವಾಲ್ವಿಗೂ ನಡುವೆ ಇರಬೇಕು. ಹೊರಹರಿವಿನ ವಾಲ್ವನ್ನು ಮುಚ್ಚಿ, ಅರ್ಧ ನಿಮಿಷದೊಳಗೆ ಗೇಜ್ ಓದಿ, ಕೂಡಲೇ ತೆರೆಯಿರಿ. ಮುಚ್ಚಿಟ್ಟು ಓಡಿಸಿದರೆ ಒಳಗಿನ ನೀರು ಕಾಯುತ್ತದೆ. ಕಾಗದದಲ್ಲಿ ಹರಿವಿಲ್ಲದಾಗಿನ ಹೆಡ್ 58 ಮೀಟರ್ ಎಂದಿದ್ದು ಕೆರೆಯ ನೀರು 4 ಮೀಟರ್ ಕೆಳಗಿದ್ದರೆ ಗೇಜ್ 54 ಮೀಟರ್ ತೋರಿಸಬೇಕು. ಅದು 5.4 ಕೆಜಿ, ಅಥವಾ 5.3 ಬಾರ್, ಅಥವಾ 530 ಕಿಲೋಪಾಸ್ಕಲ್, ಅಥವಾ 0.53 ಮೆಗಾಪಾಸ್ಕಲ್.

4.3 ಕೆಜಿ ಮಾತ್ರ ಬಂದರೆ ಇನ್ನೂ ಒಂದು ಹೆಜ್ಜೆ ಉಳಿದಿದೆ. ಹೆಡ್ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಡೀಸೆಲ್ ಎಂಜಿನ್ ಹತ್ತು ಶೇಕಡ ನಿಧಾನವಾದರೆ 58 ಮೀಟರ್ 47 ಆಗುತ್ತದೆ; ಅದರಲ್ಲಿ 4 ಕಳೆದರೆ 43, ಸರಿಯಾಗಿ 4.3 ಕೆಜಿ. ಎಂಜಿನ್ನಿನ ಸುತ್ತುಗಳನ್ನು ಅಳೆದು ಸರಿಪಡಿಸಿ ಮತ್ತೆ ಓದಿ. ವೇಗ ಸರಿಯಿದ್ದೂ ಮುಳ್ಳು ಅಲ್ಲೇ ನಿಂತರೆ ಪಂಪ್ ಬಿಚ್ಚಿ, ಇಂಪೆಲ್ಲರಿನ ಬಾಯಿಯ ಸುತ್ತಲಿನ ವೇರ್ ರಿಂಗ್ ಎಷ್ಟು ಸವೆದಿದೆ ಎಂಬುದನ್ನು ಮೊದಲು ನೋಡಿ.